ಬೋರ್ಡ್‌ಗೆ ನೆಟ್‌ವರ್ಕ್ ಮೂಲಕ ಫರ್ಮ್‌ವೇರ್ ಹಾಕಲು ಟಿಎಫ್‌ಟಿಪಿ ಸಾಕಾ, ಎಚ್‌ಟಿಟಿಪಿಎಸ್ ಬೇಕಾ?

ನಿಮ್ಮ ಟೇಬಲ್ ಮೇಲಿರುವ ಬೋರ್ಡ್‌ಗೆ ಟಿಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ತೀರಾ ಸರಳ ವಿಧಾನ) ಸಾಕು. ಗ್ರಾಹಕರ ಜಾಗದಲ್ಲಿ ಕೂತಿರುವ ಬೋರ್ಡ್‌ಗೆ ನಾನಂತೂ ಅದನ್ನು ಬಳಸುವುದಿಲ್ಲ.

ಟಿಎಫ್‌ಟಿಪಿ ಕೋಡ್ ಪುಟ್ಟದು, ಯುಡಿಪಿ (ತಲುಪಿತಾ ಅಂತ ನೋಡದೆ ಪ್ಯಾಕೆಟ್ ಕಳಿಸುವ ಸರಳ ವಿಧಾನ) ಇದ್ದರೆ ಆಯಿತು. ಯು-ಬೂಟ್‌ನಂಥ ಬೂಟ್‌ಲೋಡರ್‌ಗಳಲ್ಲಿ (ಬೋರ್ಡ್ ಆನ್ ಆದಾಗ ಮೊದಲು ಓಡುವ ಕೋಡ್) ಅದು ಇನ್ನೂ ಉಳಿದಿರುವುದು ಅದಕ್ಕೇ. ಆದರೆ ಪಾಸ್‌ವರ್ಡ್ ಇಲ್ಲ, ಎನ್‌ಕ್ರಿಪ್ಷನ್ ಇಲ್ಲ. ನಿಧಾನ ಬೇರೆ. 512 ಬೈಟ್ ಕಳಿಸುತ್ತದೆ, ಅದು ತಲುಪಿತು ಅಂತ ಉತ್ತರ ಬಂದ ಮೇಲೇ ಮುಂದಿನ 512. 1 ಎಂಬಿ ಇಮೇಜ್ (ಫರ್ಮ್‌ವೇರ್, ಅಂದರೆ ಬೋರ್ಡ್ ಓಡಿಸುವ ಸಾಫ್ಟ್‌ವೇರ್‌ನ ಫೈಲ್) ಅಂದರೆ 2048 ಬ್ಲಾಕ್. ಹೋಗಿ ಬರಲು 200 ಮಿಲಿಸೆಕೆಂಡ್ ಹಿಡಿದರೆ ಸುಮಾರು 7 ನಿಮಿಷ. ಬ್ಲಾಕ್ ದೊಡ್ಡದು ಮಾಡಬಹುದು, ಆದರೆ ಸರ್ವರ್ ಕೂಡ ಒಪ್ಪಬೇಕು.

ಎಚ್‌ಟಿಟಿಪಿಎಸ್‌ನಲ್ಲಿ ಬೋರ್ಡೇ ಸರ್ವರ್‌ಗೆ ಹೋಗಿ ಕೇಳುವುದರಿಂದ ಫೈರ್‌ವಾಲ್ ಕಾಟ ಕಡಿಮೆ. ಮಧ್ಯದಲ್ಲಿ ಸಂಪರ್ಕ ಕಡಿದರೆ, ಸರ್ವರ್ ರೇಂಜ್ ರಿಕ್ವೆಸ್ಟ್‌ಗೆ (ಫೈಲ್‌ನ ಒಂದು ಭಾಗ ಮಾತ್ರ ಕೇಳುವುದು) ಒಪ್ಪುವಂತಿದ್ದರೆ, ನಿಂತಲ್ಲಿಂದಲೇ ಮುಂದುವರಿಸಬಹುದು. ಟಿಎಲ್‌ಎಸ್‌ಗೆ (ಎಚ್‌ಟಿಟಿಪಿಎಸ್‌ನ ಎನ್‌ಕ್ರಿಪ್ಷನ್ ಭಾಗ) ರ‍್ಯಾಮ್ ಜಾಸ್ತಿ ಬೇಕು, ಅದೇ ದೊಡ್ಡ ತಕರಾರು. ರ‍್ಯಾಮ್ ಸಾಲದಿದ್ದರೆ ಬರೀ ಎಚ್‌ಟಿಟಿಪಿ ಆದರೂ ನಡೆಯುತ್ತದೆ, ಇಮೇಜ್‌ಗೆ ಡಿಜಿಟಲ್ ಸಹಿ ಇದ್ದು ಬೋರ್ಡ್ ಅದನ್ನು ಪರೀಕ್ಷಿಸಿದರೆ. ಇಮೇಜ್ ಗುಟ್ಟಾಗಿರಬೇಕು ಅಂದರೆ ಮಾತ್ರ ಅದು ಸಾಲದು. ಸಹಿ ಹಾಕುವ ಕೀಲಿಯನ್ನು ಡೌನ್‌ಲೋಡ್ ಸರ್ವರ್‌ನಲ್ಲಿ ಇಡಬೇಡಿ. ಸಿಆರ್‌ಸಿ (ಡೇಟಾ ಕೆಟ್ಟಿದೆಯಾ ಅಂತ ನೋಡುವ ಲೆಕ್ಕ) ಇದೆಯಲ್ಲ ಅಂತ ಸಹಿ ಬಿಟ್ಟುಬಿಡುವವರೂ ಇದ್ದಾರೆ. ಸಿಆರ್‌ಸಿಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು, ಅಲ್ವಾ?

ಇಷ್ಟೆಲ್ಲ ಹೇಳಿದರೂ, ಬೋರ್ಡ್ ಸಾಯುವುದು ಹೆಚ್ಚಾಗಿ ಫ್ಲ್ಯಾಶ್‌ಗೆ (ಫರ್ಮ್‌ವೇರ್ ಇರುವ ಮೆಮೊರಿ) ಬರೆಯುವಾಗ. ಓಡುತ್ತಿರುವ ಫರ್ಮ್‌ವೇರ್ ಮೇಲೆಯೇ ಬರೆಯಬೇಡಿ. ಎರಡು ಸ್ಲಾಟ್ (ಒಂದೊಂದು ಇಮೇಜ್ ಇಡುವ ಜಾಗ) ಇಡಿ, ಖಾಲಿ ಇರುವುದಕ್ಕೆ ಬರೆಯಿರಿ, ಸಹಿ ನೋಡಿ, ಆಮೇಲೆ ರೀಬೂಟ್. ಎಂಸಿಯುಬೂಟ್ (ಚಿಕ್ಕ ಚಿಪ್‌ಗಳ ಬೂಟ್‌ಲೋಡರ್), ಇಎಸ್‌ಪಿ32 (ವೈ-ಫೈ ಇರುವ ಚಿಪ್) ಎರಡರಲ್ಲೂ ಹೊಸ ಇಮೇಜನ್ನು ಮೊದಲು ಪರೀಕ್ಷೆಗೆ ಮಾತ್ರ ಓಡಿಸಬಹುದು. 'ನಾನು ಸರಿಯಾಗಿದ್ದೇನೆ' ಅಂತ ಅದು ಖಚಿತಪಡಿಸುವ ಮೊದಲೇ ರೀಸೆಟ್ ಆದರೆ ಹಳೆಯದು ವಾಪಸ್ ಬರುತ್ತದೆ. ಇಎಸ್‌ಪಿ32ನಲ್ಲಿ ಈ ರೋಲ್‌ಬ್ಯಾಕನ್ನು ಕಾನ್ಫಿಗ್‌ನಲ್ಲಿ ನೀವೇ ಆನ್ ಮಾಡಬೇಕು. ಇನ್ನು ಖಚಿತಪಡಿಸುವ ಆ ಕರೆಯನ್ನು ಮೇನ್ ಫಂಕ್ಷನ್‌ನ ಮೊದಲ ಸಾಲಿಗೇ ಹಾಕಿದ ಕೋಡ್ ಎಷ್ಟೋ ನೋಡಿದ್ದೇನೆ. ಹಾಗೆ ಮಾಡಿದರೆ ರೋಲ್‌ಬ್ಯಾಕ್ ಇದ್ದೂ ಇಲ್ಲದಂತೆ. ನೆಟ್‌ವರ್ಕ್ ಸಿಕ್ಕಿ, ಅಪ್‌ಡೇಟ್ ಸರ್ವರ್ ಉತ್ತರ ಕೊಟ್ಟ ಮೇಲೆ ಕರೆಯಿರಿ. ಮಧ್ಯೆ ಕೋಡ್ ನೇತುಬಿದ್ದರೆ ರೀಸೆಟ್ ಮಾಡಲು ವಾಚ್‌ಡಾಗ್ (ಕೋಡ್ ಸುಮ್ಮನಾದರೆ ಬೋರ್ಡ್ ರೀಸೆಟ್ ಮಾಡುವ ಟೈಮರ್) ಇರಲಿ.

ಪರೀಕ್ಷೆ ಮಾಡುವಾಗ ಬರೆಯುತ್ತಿರುವಾಗಲೇ ಪವರ್ ಕಿತ್ತು ನೋಡಿ, ಬೇರೆ ಬೇರೆ ಹಂತದಲ್ಲಿ. ಫ್ಲ್ಯಾಶ್ ಎಷ್ಟಿದೆ, ಇಮೇಜ್ ಎಷ್ಟು ದೊಡ್ಡದು ಅಂತ ತಿಳಿಸಿದರೆ ಎರಡು ಸ್ಲಾಟ್ ಹಿಡಿಯುತ್ತದಾ ಅಂತ ನೋಡಿ ಹೇಳುತ್ತೇನೆ.