ಪಿಂಚಣಿ ಶಾಖೆಯಲ್ಲಿ ಅಪ್ರೆಂಟಿಸ್ ಆಗಿ ಸೇರುತ್ತಿದ್ದೇನೆ. ಜನರೊಡನೆ ಮಾತನಾಡಲು ಸಂಕೋಚ. ಕಂಪ್ಯೂಟರ್ ಕೆಲಸ ಮಾತ್ರ ಕೊಡಿ ಎಂದು ಕೇಳಬಹುದೇ? ಮುಂದೆ ಖಾಯಂ ಆಗುತ್ತದೆಯೇ?

ನಾನೂ ಇದನ್ನೇ ಕೇಳಿಕೊಂಡಿದ್ದೆ, ದುರದೃಷ್ಟಕ್ಕೆ ಕೇಳಿದ್ದು ಸಿಕ್ಕಿತು. 2022ರಲ್ಲಿ ಬಿ.ಕಾಂ. ಮುಗಿಸಿ ಒಂದು ತಾಲ್ಲೂಕು ಕಚೇರಿಯ ಸಾಮಾಜಿಕ ಭದ್ರತಾ ಪಿಂಚಣಿ ಶಾಖೆಗೆ ಒಂದು ವರ್ಷದ ಪದವೀಧರ ಅಪ್ರೆಂಟಿಸ್ ಆಗಿ ಸೇರಿದಾಗ, ಗುರುತಿಲ್ಲದವರ ಎದುರು ಬಾಯಿ ತೆರೆಯುವುದೆಂದರೆ ನನಗೆ ಗಂಟಲು ಒಣಗುತ್ತಿತ್ತು. ಶಾಖೆಯ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕರಿಗೆ ಅದನ್ನು ಮೆಲ್ಲಗೆ ಹೇಳಿಕೊಂಡೆ. ಅವರು ನಕ್ಕು, ಅರ್ಜಿದಾರರು ಬಂದು ನಿಲ್ಲುವ ಕಿಟಕಿಗೆ ಬೆನ್ನು ಮಾಡಿದ್ದ ಮೇಜೊಂದನ್ನು ತೋರಿಸಿ, “ಅಲ್ಲಿ ಕೂತ್ಕೊಳ್ಳಿ, ಯಾರೂ ನಿಮ್ಮನ್ನ ಮಾತಾಡಿಸಲ್ಲ” ಎಂದರು.

ಶಾಖೆಯ ಕೆಲಸ ನೋಡಲು ಸರಳ. ವೃದ್ಧಾಪ್ಯ ವೇತನ, ಹಿರಿಯರಿಗೇ ಇರುವ ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲ ವೇತನ, ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರ ಮೈತ್ರಿ ಎಂಬ ಯೋಜನೆಗಳಿಗೆ ಜನ ನಾಡಕಚೇರಿಯಲ್ಲಿ ಅರ್ಜಿ ಕೊಡುತ್ತಾರೆ. ಗ್ರಾಮ ಆಡಳಿತ ಅಧಿಕಾರಿಗಳು (ಹಿಂದಿನ ಹೆಸರು ಗ್ರಾಮ ಲೆಕ್ಕಿಗರು) ಸ್ಥಳ ಪರಿಶೀಲನೆ ಮಾಡುತ್ತಾರೆ, ಕಂದಾಯ ನಿರೀಕ್ಷಕರು ವರದಿ ಕೊಡುತ್ತಾರೆ, ಉಪ ತಹಶೀಲ್ದಾರರು ಮಂಜೂರು ಮಾಡುತ್ತಾರೆ. ಅಲ್ಲಿಂದ ಮುಂದೆ ಹಣ ಖಜಾನೆಯಿಂದ ನೇರವಾಗಿ ಫಲಾನುಭವಿಯ ಬ್ಯಾಂಕಿಗೆ ಹೋಗುತ್ತದೆ. ಕಿಟಕಿಯಲ್ಲಿದ್ದ ಗುಮಾಸ್ತರು ಒಂದು ಸಂಖ್ಯೆಯನ್ನು ಕೂಗುತ್ತಿದ್ದರು, ನಾನು ಅದನ್ನು ಪರದೆಯ ಮೇಲೆ ತೆರೆದು ಸ್ಥಿತಿಯನ್ನು ಓದಿ ಹೇಳುತ್ತಿದ್ದೆ. ದಿನಕ್ಕೆ ಅರವತ್ತು ಎಪ್ಪತ್ತು ಬಾರಿ ಹೀಗೆ ನಡೆಯುತ್ತಿದ್ದರೂ ಕೇಳಲು ಬಂದವರ ಮುಖ ನನಗೆ ಒಮ್ಮೆಯೂ ಕಾಣುತ್ತಿರಲಿಲ್ಲ.

ಏಳನೆಯ ತಿಂಗಳಿನಲ್ಲಿ ಬೆನ್ನ ಹಿಂದಿನಿಂದ ಒಂದು ಮುದಿ ದನಿ ಕೇಳಿಸಿತು. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಮೂರು ತಿಂಗಳಿಂದ ಬಂದಿಲ್ಲ ಎಂಬುದು ಆಕೆಯ ದೂರು. ನಾನು ದಾಖಲೆ ತೆರೆದೆ. ಮೂರೂ ತಿಂಗಳ ಎದುರು ಪಾವತಿ ಯಶಸ್ವಿ ಎಂದಿತ್ತು. “ಜಮೆ ಆಗಿದೆ ಸರ್, ಬ್ಯಾಂಕಿನಲ್ಲಿ ವಿಚಾರಿಸೋಕೆ ಹೇಳಿ” ಎಂದೆ. ಮುಂದಿನ ತಿಂಗಳು ಅದೇ ದನಿ ಬಂತು, ಅದೇ ಉತ್ತರ ಹೋಯಿತು. ಅದರ ಮುಂದಿನ ತಿಂಗಳು ಆಕೆ, “ಬ್ಯಾಂಕಿನವ್ರು ಬಂದಿಲ್ಲ ಅಂತಾರೆ, ನೀವು ಹೋಗೈತೆ ಅಂತೀರಿ, ಮಧ್ಯ ಎಲ್ಲಿ ಹೋಯ್ತು ಮಗಾ?” ಎಂದು ಕೇಳಿದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಆದರೂ ನಾನು ತಿರುಗಿ ನೋಡಲಿಲ್ಲ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನಗೆ ಬರೀ ಅಸಡ್ಡೆ ಇತ್ತು ಎಂದರೆ ಅದು ಸುಳ್ಳಾಗುತ್ತದೆ. ಪಾವತಿಯ ಸ್ಥಿತಿ ತೋರಿಸುವ ಅಂಕಣವನ್ನು ನಾನು ಸರಿಯಾಗಿಯೇ ಓದಿದ್ದೆ, ಮೂರು ಬಾರಿಯೂ ಓದಿದ್ದೆ. ಓದದೆ ಬಿಟ್ಟದ್ದು ಅದರ ಬಲಕ್ಕಿದ್ದ, ಪರದೆಯನ್ನು ಪಕ್ಕಕ್ಕೆ ಸರಿಸಿದರೆ ಮಾತ್ರ ಕಾಣುತ್ತಿದ್ದ, ಬ್ಯಾಂಕಿನ ಹೆಸರಿನ ಅಂಕಣವನ್ನು. ಆಧಾರ್ ಆಧಾರಿತ ಪಾವತಿಯಲ್ಲಿ ಹಣವು ಅರ್ಜಿಯಲ್ಲಿ ಬರೆದುಕೊಟ್ಟ ಖಾತೆ ಸಂಖ್ಯೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಯಾವ ಬ್ಯಾಂಕು ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ಫಲಾನುಭವಿಯು ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು, ಆಧಾರ್ ಜೋಡಣೆಯ ಒಪ್ಪಿಗೆಗೂ ಸೇರಿಸಿ ಹೆಬ್ಬೆಟ್ಟು ಒತ್ತಿದ್ದರೆ, ಅದರ ಮುಂದಿನ ಪಿಂಚಣಿ ಸದ್ದಿಲ್ಲದೆ ಅಲ್ಲಿಗೆ ತಿರುಗಿಕೊಳ್ಳುತ್ತದೆ. ಹಳೆಯ ಬ್ಯಾಂಕಿನವರು ‘ಬಂದಿಲ್ಲ’ ಎನ್ನುವುದೂ ನಿಜ, ನಮ್ಮ ಪರದೆ ‘ಹೋಗಿದೆ’ ಎನ್ನುವುದೂ ನಿಜ. ಇದು ನನಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಸೇರಿದ ಎರಡನೆಯ ವಾರದಲ್ಲೇ ವಿಷಯ ನಿರ್ವಾಹಕರು ಹೇಳಿಕೊಟ್ಟಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಆದರೆ ಆಕೆಯ ಕೈಯಲ್ಲಿ ಯಾವ ಬ್ಯಾಂಕಿನ ಪಾಸ್‌ಬುಕ್ ಇದೆ ಎಂಬುದನ್ನು ಕಣ್ಣಿನಿಂದ ನೋಡಿದ್ದರೆ ಮಾತ್ರ ಪರದೆಯ ಹೆಸರಿನೊಂದಿಗೆ ತಾಳೆ ಹಾಕಬೇಕೆಂದು ಹೊಳೆಯುತ್ತಿತ್ತು. ನಾನೋ ಬೆನ್ನು ಹಾಕಿ ಕೂತಿದ್ದೆ. ಕಿಟಕಿಯಲ್ಲಿದ್ದ ಗುಮಾಸ್ತರಿಗೆ ಪಾಸ್‌ಬುಕ್ ಕಾಣುತ್ತಿತ್ತು, ಪರದೆ ಕಾಣುತ್ತಿರಲಿಲ್ಲ.

ಹಣ ಬಾರದ ಐದನೆಯ ತಿಂಗಳಿಗೆ ಆಕೆ, ಪಿಂಚಣಿ ದೂರುಗಳನ್ನು ಕೇಳಲು ಹೋಬಳಿಯಲ್ಲಿ ನಡೆದ ಪಿಂಚಣಿ ಅದಾಲತ್‌ಗೆ ಹೋಗಿ ತಹಶೀಲ್ದಾರರ ಎದುರು ನಿಂತಳು. ಅಂದು ಕಡತ ಹೊತ್ತುಕೊಂಡು ಹೋಗಿದ್ದವರಲ್ಲಿ ನಾನೂ ಇದ್ದೆ. ಪ್ಲಾಸ್ಟಿಕ್ ಚೀಲವೊಂದರಿಂದ, ಅದರೊಳಗೆ ಇನ್ನೊಂದು ಚೀಲದಿಂದ, ಆಕೆ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಸಿಲಿಗೆ ಅಂಟಿಕೊಂಡು ರಟ್ಟಿನ ಬಣ್ಣವನ್ನೇ ಕಿತ್ತುಕೊಂಡಿತ್ತು. ತಹಶೀಲ್ದಾರರು ಪರದೆಯನ್ನು ಬಲಕ್ಕೆ ಸರಿಸಿದರು. ಅಲ್ಲಿದ್ದದ್ದು ಬೇರೆ ಬ್ಯಾಂಕು: ಗುಂಪು ಸಾಲಕ್ಕಾಗಿ ಆಕೆಯಿಂದ ತೆರೆಸಿದ್ದ ಖಾತೆ. ಐದು ತಿಂಗಳ 6,000 ರೂಪಾಯಿಯಲ್ಲಿ ಬಹುಪಾಲನ್ನು ಸಾಲದ ಕಂತಿಗೆ ಮುರಿದುಕೊಂಡಾಗಿತ್ತು. ಮೊದಲ ಬಾರಿ ಬಂದಾಗಲೇ ನಾನು ಆ ಹೆಸರನ್ನು ಓದಿದ್ದರೆ, ಹಳೆಯ ಬ್ಯಾಂಕಿನಲ್ಲಿ ಮತ್ತೆ ಆಧಾರ್ ಜೋಡಣೆಗೆ ಅರ್ಜಿ ಕೊಡಿಸಿದ್ದರೆ, ಕೊನೆಯ ಎರಡು ತಿಂಗಳ ಹಣವಾದರೂ ಆಕೆಯ ಕೈ ಸೇರುತ್ತಿತ್ತೇನೋ.

ಯಾರೂ ನನ್ನನ್ನು ಬೈಯಲಿಲ್ಲ. ಮರುದಿನದಿಂದ ನನ್ನನ್ನು ದಾಖಲೆ ಕೊಠಡಿಗೆ ಹಾಕಿದರು, ಅಷ್ಟೆ. ತರಬೇತಿಯ ಉಳಿದ ತಿಂಗಳುಗಳು ಹಳೆಯ ಕಡತಗಳಿಗೆ ಪುಟಸಂಖ್ಯೆ ಹಾಕುವುದರಲ್ಲಿ ಕಳೆದವು. ಮಂಜೂರಾತಿ ಟಿಪ್ಪಣಿ ಬರೆಯುವುದನ್ನು ಕಲಿಸಬೇಕಿದ್ದದ್ದು ಅದೇ ಅವಧಿಯಲ್ಲಿ; ಅದನ್ನು ನಾನು ಇಂದಿಗೂ ಕಲಿತಿಲ್ಲ. ಪ್ರಮಾಣಪತ್ರವೇನೋ ಬಂತು, ಆದರೆ ಮುಂದೆ ಒಂದು ಸಂದರ್ಶನದಲ್ಲಿ, “ಪಿಂಚಣಿ ಅರ್ಜಿ ತಿರಸ್ಕಾರವಾದರೆ ಹಿಂಬರಹದಲ್ಲಿ ಏನೇನು ಬರೆಯಬೇಕು?” ಎಂದು, ಅಂದರೆ ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರದ ಬಗ್ಗೆ, ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಶಾಖೆಯಲ್ಲಿ ಕಂಪ್ಯೂಟರ್ ಕೆಲಸ ಬೇರೆ, ಜನರ ಕೆಲಸ ಬೇರೆ ಎಂಬುದಿಲ್ಲ. ಎರಡನ್ನೂ ಬೇರೆ ಮಾಡಿದ ಜಾಗದಲ್ಲೇ ತಪ್ಪು ಹುಟ್ಟುತ್ತದೆ. ಸಂಕೋಚವನ್ನು ಗೌರವಿಸಿ ನಿಮ್ಮನ್ನು ಹಿಂದಿನ ಮೇಜಿಗೆ ಕಳಿಸುವ ಅಧಿಕಾರಿ ನಿಮಗೆ ಉಪಕಾರ ಮಾಡುತ್ತಿಲ್ಲ.

ಇನ್ನು ಖಾಯಂ ವಿಚಾರ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಪ್ರಕಾರ ನೀವು ತರಬೇತಿ ಪಡೆಯುವವರೇ ಹೊರತು ಕೆಲಸಗಾರರಲ್ಲ, ಮತ್ತು ತರಬೇತಿ ಮುಗಿದವರನ್ನು ನೇಮಿಸಿಕೊಳ್ಳುವ ವಿಷಯವನ್ನು 22ನೇ ಕಲಂ ಆಯಾ ಸಂಸ್ಥೆಯ ನೀತಿಗೆ ಬಿಟ್ಟಿದೆ. ಸರ್ಕಾರಿ ಹುದ್ದೆಗೆ ದಾರಿ ಸ್ಪರ್ಧಾತ್ಮಕ ಪರೀಕ್ಷೆಯೇ. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯನ್ನು ನಾನೂ ಬರೆದೆ, ಆಗಲಿಲ್ಲ. ನನ್ನ ಕಾಲದಲ್ಲಿ ಪದವೀಧರ ಅಪ್ರೆಂಟಿಸ್‌ನ ಕನಿಷ್ಠ ಶಿಷ್ಯವೇತನ ತಿಂಗಳಿಗೆ 9,000 ರೂಪಾಯಿ ಇತ್ತು, ಅದರಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತಿತ್ತು. ಬೆಳಗ್ಗೆ ಎರಡು ಗಂಟೆ ಓದಿಕೊಂಡು ಈ ವರ್ಷವನ್ನು ಕಳೆಯಬಹುದು; ಪರೀಕ್ಷೆಯೋ ಅಪ್ರೆಂಟಿಸೋ ಎಂದು ತಲೆ ಕೆಡಿಸಿಕೊಳ್ಳಬೇಡಿ.

ಸೇರಿದ ದಿನ ಕಿಟಕಿಯ ಕುರ್ಚಿಯನ್ನೇ ಕೇಳಿ. ಮಾತು ಬರದಿದ್ದರೆ ಒಂದೇ ವಾಕ್ಯ ಕಲಿತುಕೊಂಡು ಹೋಗಿ: “ಪಾಸ್‌ಬುಕ್ ತೋರಿಸಿ ಅಜ್ಜಿ, ಇದು ಬಿಟ್ಟು ಬೇರೆ ಬ್ಯಾಂಕಿನಲ್ಲಿ ಖಾತೆ ಇದೆಯಾ?” ಉಳಿದ ಮಾತನ್ನು ಅವರೇ ಆಡುತ್ತಾರೆ, ನೀವು ಪರದೆಯನ್ನು ಬಲಕ್ಕೆ ಸರಿಸಿ ನೋಡಿದರೆ ಸಾಕು. ಕುರ್ಚಿ ಖಾಲಿ ಇಲ್ಲ ಎಂದರೆ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಳ್ಳಲು ಅನುಮತಿ ಕೇಳಿ.