ಸೋಫಾ ಹರಿಯೋ ಮುಧೋಳ

ಪ್ರಶ್ನೆ: ನಮ್ಮ ಮುಧೋಳ ನಾಯಿಗೆ ಒಂದೂವರೆ ವರ್ಷ, ಫ್ಲಾಟಲ್ಲಿದೀವಿ. ದಿನಾ ಎರಡು ಸಲ ವಾಕಿಂಗ್ ಮಾಡಿಸ್ತೀವಿ, ಆದ್ರೂ ನಾವಿಬ್ರೂ ಆಫೀಸಿಂದ ಬರೋದ್ರೊಳಗೆ ಸೋಫಾ ಹರಿದಿರುತ್ತೆ. ಸಿಟ್ಟಾ ಅದಕ್ಕೆ?

ಉತ್ತರ: ಸಿಟ್ಟಲ್ಲ ಕಣ್ರೀ, ಬೋರು. ಬಾಗಲಕೋಟೆ ಕಡೆ ಬಯಲಲ್ಲಿ ಮೊಲ ಕಂಡ ತಕ್ಷಣ ಬಿಟ್ಟ ಬಾಣದ ಥರ ಓಡೋ ತಳಿ ಅದು, ದಿನವಿಡೀ ಗೋಡೆ ನೋಡ್ಕೊಂಡು ಕೂತ್ರೆ ಸೋಫಾನೇ ಮೊಲ ಆಗುತ್ತೆ. ಮೊದಲು ಬಟ್ಟಲಲ್ಲಿ ಊಟ ಸುರಿಯೋದು ಬಿಡಿ. ಹಳೇ ಟವೆಲ್ ಹಾಸಿ, ಒಂದು ಹಿಡಿ ಡ್ರೈ ಫುಡ್ ಚೆಲ್ಲಿ, ಚಾಪೆ ಥರ ಸುತ್ತಿ ಕೊಡಿ, ಮೂಗಲ್ಲಿ ತಳ್ಳಿ ತಳ್ಳಿ ಬಿಚ್ಕೊಳ್ಳುತ್ತೆ, ಸುಲಭ ಆಯ್ತು ಅಂದ್ಮೇಲೆ ಒಂದು ಗಂಟು ಹಾಕಿ (ಬಟ್ಟೆ ನುಂಗೋ ಚಾಳಿ ಇದ್ರೆ ಇದು ಬೇಡ, ಇಲ್ದಿದ್ರೂ ನೀವು ಎದುರಿಗಿದ್ದಾಗಲೇ ಕೊಡಿ). ವಾಕಿಂಗಲ್ಲಿ ಕಂಬ ಕಂಬಕ್ಕೂ ನಿಂತು ಮೂಸುತ್ತಲ್ಲ, ದಯವಿಟ್ಟು ಎಳೀಬೇಡಿ, ಬೀದಿ ಸುದ್ದಿಯೆಲ್ಲ ಅದಕ್ಕೆ ಸಿಗೋದೇ ಅಲ್ಲಿ. ಸಂಜೆ ಒಂದು ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಕಾಲುಚೀಲ ಕಟ್ಟಿ ಮಣ್ಣು ನೆಲದ ಮೇಲೆ ಎಳೀರಿ, 5-10 ನಿಮಿಷ ಅಟ್ಟಿಸ್ಕೊಂಡು ಬರಲಿ, ಕೊನೇಲಿ ಹಿಡಿಯೋಕೆ ಬಿಡಿ, ಇಲ್ಲಾಂದ್ರೆ ತಲೆ ಕೆಟ್ಟೋಗುತ್ತೆ ಅದಕ್ಕೆ. ಟೈಲ್ಸ್ ಮೇಲೆ ಮಾತ್ರ ಬೇಡ, ಕಾಲು ಜಾರುತ್ತೆ. ಮಧ್ಯಾಹ್ನ ಯಾರಾದ್ರೂ ಬಂದು ಒಂದು ಅರ್ಧ ಗಂಟೆ ಇದ್ದು ಹೋಗೋ ಹಾಗೂ ನೋಡ್ಕೊಳ್ಳಿ.