‘ಕೈಗೊಂಬೆ’ಯನ್ನು ಬಿಟ್ಟು ಮತ್ತೆ ಬರೆಯಿರಿ

ನಮಸ್ಕಾರ.

2001ರಿಂದ 2012ರವರೆಗಿನ ಪಾಕಿಸ್ತಾನ–ಅಮೆರಿಕ ನಂಟಿನ ಬಗ್ಗೆ ನೀವು ಕಳಿಸಿದ ‘ಮಾರಿಕೊಂಡ ಸಾರ್ವಭೌಮತ್ವ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಹದವಾಗಿದೆ, ಓದು ಸಾಕಷ್ಟಿದೆ. ಆದರೆ ಮೊದಲ ಪ್ಯಾರಾದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಉಳಿದ ಒಂಬತ್ತು ಪುಟ ಅದನ್ನೇ ದನಿ ಏರಿಸಿ ಹೇಳುತ್ತದೆ. ‘ಕೈಗೊಂಬೆ’ ಎಂಬ ಪದ ಹನ್ನೊಂದು ಕಡೆ ಬಂದಿದೆ. ಕೈಗೊಂಬೆಯಾದ ದೇಶ ಅಫ್ಘಾನಿಸ್ತಾನದಲ್ಲಿದ್ದ ನ್ಯಾಟೋ (ಅಮೆರಿಕ ನೇತೃತ್ವದ ಸೇನಾಕೂಟ) ಪಡೆಗಳ ಸರಕಿನ ದಾರಿಯನ್ನು ಏಳು ತಿಂಗಳು ಮುಚ್ಚಿ ಕೂರುವುದಿಲ್ಲ.

ಲೇಖನದ ಬಾಗಿಲು ಅಲ್ಲೇ ಇದೆ. ಸಲಾಲಾ ಘಟನೆಯನ್ನು ನೀವು ಏಳನೇ ಪುಟದಲ್ಲಿ ಮೂರು ಸಾಲಿಗೆ ಮುಗಿಸಿದ್ದೀರಿ. ಅದನ್ನು ಮೊದಲಿಗೆ ತನ್ನಿ. 2011ರ ನವೆಂಬರ್ 26ರ ನಸುಕಿನಲ್ಲಿ ಅಫ್ಘಾನ್ ಗಡಿಯ ಮೊಹಮಂದ್ ಪ್ರದೇಶದ ಸಲಾಲಾದಲ್ಲಿದ್ದ ಪಾಕಿಸ್ತಾನದ ಎರಡು ಗಡಿಠಾಣೆಗಳ ಮೇಲೆ ನ್ಯಾಟೋ ದಾಳಿ ನಡೆಸಿ, 24 ಪಾಕಿಸ್ತಾನಿ ಯೋಧರು ಸತ್ತರು. ಪಾಕಿಸ್ತಾನ ಅಫ್ಘಾನಿಸ್ತಾನಕ್ಕೆ ಸರಕು ಹೋಗುವ ತೋರ್ಖಮ್ ಮತ್ತು ಚಮನ್ ಎರಡೂ ಗಡಿದಾರಿಗಳನ್ನು ಮುಚ್ಚಿತು. ಅಮೆರಿಕದ ಕೈಯಲ್ಲಿದ್ದ ಬಲೂಚಿಸ್ತಾನದ ಶಂಸಿ ವಾಯುನೆಲೆಯನ್ನು 15 ದಿನದಲ್ಲಿ ಖಾಲಿ ಮಾಡಲು ಅಮೆರಿಕಕ್ಕೆ ಹೇಳಿತು. ಅಫ್ಘಾನಿಸ್ತಾನದ ಭವಿಷ್ಯ ಕುರಿತ ಬಾನ್ ಸಮ್ಮೇಳನಕ್ಕೆ ಹೋಗಲಿಲ್ಲ. ಆದರೆ ತನ್ನ ಆಕಾಶವನ್ನು ಮಾತ್ರ ಮುಚ್ಚಲಿಲ್ಲ; ನ್ಯಾಟೋ ವಿಮಾನಗಳು ಪಾಕಿಸ್ತಾನದ ಮೇಲೆ ಹಾರುತ್ತಲೇ ಇದ್ದವು. ನಿಮ್ಮ ಲೇಖನದಲ್ಲಿ ಈ ಕೊನೆಯ ಸಂಗತಿಯೇ ಇಲ್ಲ. ನೆಲ ಮುಚ್ಚಿ ಆಕಾಶ ತೆರೆದಿಡುವುದೆಂದರೆ ಲೆಕ್ಕ ಹಾಕಿ ಕೊಟ್ಟ ಪೆಟ್ಟು: ಎದುರಿನವರಿಗೆ ನೋವಾಗಬೇಕು, ನಂಟು ಮಾತ್ರ ಹರಿಯಬಾರದು.

ಆಮೇಲೆ ಹಣದ ಮಾತು. ಮೊದಲು ಒಂದು ಲಾರಿಗೆ ಸುಮಾರು 250 ಡಾಲರ್ ಶುಲ್ಕವಿತ್ತು. ಪಾಕಿಸ್ತಾನ 5,000 ಡಾಲರ್ ಕೇಳಿತು. ಅಮೆರಿಕ ಉತ್ತರದ ಮಧ್ಯ ಏಷ್ಯಾ ದಾರಿಗೆ ಹೊರಳಿತು. ಅದರಿಂದ ತಿಂಗಳಿಗೆ 10 ಕೋಟಿ ಡಾಲರ್ ಹೆಚ್ಚುವರಿ ಖರ್ಚಾಗುತ್ತಿದೆ ಎಂದು ರಕ್ಷಣಾ ಕಾರ್ಯದರ್ಶಿ ಪನೆಟ್ಟಾ ಅವರೇ ಹೇಳಿದರು. 2012ರ ಜುಲೈ 3ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಅವರು ಪಾಕಿಸ್ತಾನದ ವಿದೇಶಾಂಗ ಸಚಿವೆ ಹಿನಾ ರಬ್ಬಾನಿ ಖರ್ ಅವರಿಗೆ ಫೋನ್ ಮಾಡಿ ವಿಷಾದ ಹೇಳಿದ ಮೇಲೆ ದಾರಿ ತೆರೆಯಿತು. ಶುಲ್ಕ ಏರಲಿಲ್ಲ. ಪಾಕಿಸ್ತಾನದ ಸೇನಾ ಖರ್ಚಿಗೆ ಅಮೆರಿಕ ಕೊಡಬೇಕಿದ್ದು ತಡೆಹಿಡಿದಿದ್ದ ನೂರು ಕೋಟಿ ಡಾಲರಿಗೂ ಹೆಚ್ಚಿನ ಮರುಪಾವತಿ ಬಿಡುಗಡೆಯಾಯಿತು. ‘ಪಾಕಿಸ್ತಾನ ಮಂಡಿಯೂರಿತು’ ಎಂದು ನೀವು ಬರೆದ ಜಾಗದಲ್ಲಿ ಈ ಅಂಕಿಗಳನ್ನಿಡಿ, ಯಾರು ಎಷ್ಟು ಬಗ್ಗಿದರೆಂದು ಓದುಗರೇ ತೂಗಿ ನೋಡಲಿ.

ಎರಡನೆಯ ಕೆಲಸ: ಸಾರ್ವಭೌಮತ್ವವನ್ನು ಇಡಿಯಾಗಿ ‘ಮಾರಿಸಬೇಡಿ’, ಬಿಡಿಬಿಡಿಯಾಗಿ ಲೆಕ್ಕ ಕೊಡಿ. ಅವಳಿ ಗೋಪುರಗಳ ಮೇಲಿನ ದಾಳಿಯಾಗಿ ಎರಡು ದಿನಕ್ಕೆ, 2001ರ ಸೆಪ್ಟೆಂಬರ್ 13ರಂದು, ಅಮೆರಿಕ ಮುಂದಿಟ್ಟ ಬೇಡಿಕೆಗಳೇ ಏಳು. ವಿಮಾನಗಳು ಹಾರಲು ಮತ್ತು ಇಳಿಯಲು ಅನುಮತಿ, ಗುಪ್ತಚರ ಮಾಹಿತಿ, ತಾಲಿಬಾನಿಗೆ ಹೋಗುವ ಇಂಧನ ನಿಲ್ಲಿಸುವುದು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಬೆಲೆ, ಬೇರೆ ಬೇರೆ ಅಪಾಯ. ಒಂದು ಹಾಳೆಯಲ್ಲಿ ಐದು ಕಲಂ ಎಳೆಯಿರಿ: ಏನು ಕೊಟ್ಟರು, ಯಾರು ಕೊಟ್ಟರು (ಸೇನೆಯೋ, ಪ್ರಧಾನಿಯೋ, ಸಂಸತ್ತೋ), ಬಾಯಿಮಾತೋ ಬರಹವೋ, ಬದಲಿಗೆ ಏನು ಬಂತು, ಕೆಟ್ಟಾಗ ಏನಾಯಿತು. ಶಂಸಿಯನ್ನು ತುಂಬಿಸಿ ನೋಡಿ. ಬಲೂಚಿಸ್ತಾನದ ಒಣನೆಲದಲ್ಲಿರುವ ಆ ರನ್‌ವೇಯನ್ನು 1990ರ ದಶಕದಲ್ಲಿ ಹಕ್ಕಿ ಬೇಟೆಗೆ ಬರುವ ಅರಬ್ ಶ್ರೀಮಂತರಿಗಾಗಿ ಯುಎಇಗೆ ಗುತ್ತಿಗೆ ಕೊಟ್ಟಿದ್ದರು. 2001ರ ನಂತರ ಅದು ಅಮೆರಿಕದ ಕೈಗೆ ಹೋಯಿತು, ಡ್ರೋನ್‌ಗಳು ಅಲ್ಲಿಂದ ಹಾರಿದವು. 2011ರ ಮೇ ತಿಂಗಳಲ್ಲಿ ಸಂಸತ್ತಿನ ಗೋಪ್ಯ ಅಧಿವೇಶನದಲ್ಲಿ, ನೆಲೆ ಯುಎಇ ಹಿಡಿತದಲ್ಲಿದೆ ಎಂದು ವಾಯುಪಡೆಯ ಮುಖ್ಯಸ್ಥರು ಹೇಳಿದರೆಂದು ವರದಿಯಾಯಿತು. ‘ಯಾರು ಕೊಟ್ಟರು’ ಎಂಬ ಕಲಂ ತುಂಬುವುದು ಎಷ್ಟು ಕಷ್ಟ ಎಂಬುದು ಆಗ ನಿಮಗೇ ಗೊತ್ತಾಗುತ್ತದೆ. ಲೇಖನದ ಜೀವ ಇರುವುದು ಆ ಕಲಂನಲ್ಲೇ.

ಮೂರನೆಯದು, ನನ್ನನ್ನು ಹೆಚ್ಚು ಕಾಡಿದ್ದು: ನೀವು ಎಲ್ಲ ದಾಳಿಗಳನ್ನೂ ‘ಅತಿಕ್ರಮಣ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದ್ದೀರಿ. ಸಮ್ಮತಿ ಇದ್ದ ದಾಳಿ ಬೇರೆ, ಇಲ್ಲದ ದಾಳಿ ಬೇರೆ. 2004ರ ಜೂನ್‌ನಲ್ಲಿ ದಕ್ಷಿಣ ವಜೀರಿಸ್ತಾನದಲ್ಲಿ ತಾಲಿಬಾನ್ ಪರ ಕಮಾಂಡರ್ ನೇಕ್ ಮೊಹಮ್ಮದ್ ಸತ್ತಿದ್ದು ಅಮೆರಿಕದ ಡ್ರೋನ್‌ನಿಂದ. ಪಾಕಿಸ್ತಾನದ ಸೇನೆ ಅದು ತನ್ನದೇ ಕಾರ್ಯಾಚರಣೆ ಎಂದಿತು. ಬಿನ್ ಲಾಡೆನ್‌ನನ್ನು ಕೊಂದ 2011ರ ಮೇ 2ರ ಅಬೋಟಾಬಾದ್ ದಾಳಿಗೆ ಯಾರೂ ಅನುಮತಿ ಕೇಳಲಿಲ್ಲ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಬಲಪ್ರಯೋಗವನ್ನು ತಡೆಯುತ್ತದೆ, 51ನೇ ವಿಧಿ ಆತ್ಮರಕ್ಷಣೆಗೆ ಅವಕಾಶ ಕೊಡುತ್ತದೆ, ದೇಶವೇ ಒಪ್ಪಿದ್ದರೆ ಉಲ್ಲಂಘನೆಯ ಪ್ರಶ್ನೆಯೇ ಬೇರೆಯಾಗುತ್ತದೆ. ಒಳಗೆ ಒಪ್ಪಿ ಹೊರಗೆ ಖಂಡಿಸಿದರೆ ಆಗುವ ನಷ್ಟ ಇಲ್ಲಿದೆ: ಗುಟ್ಟಾಗಿ ಕೊಟ್ಟದ್ದನ್ನು ಬಹಿರಂಗವಾಗಿ ಹಿಂದಕ್ಕೆ ಪಡೆಯಲು ಆಗುವುದಿಲ್ಲ, ಷರತ್ತು ಹಾಕಲೂ ಆಗುವುದಿಲ್ಲ. 2012ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಸಂಸತ್ತು ರಾಷ್ಟ್ರೀಯ ಭದ್ರತೆಯ ವಿಷಯದಲ್ಲಿ ಬಾಯಿಮಾತಿನ ಒಪ್ಪಂದ ಕೂಡದು ಎಂದು ನಿರ್ಣಯಿಸಿದ್ದು ಇದೇ ಕಾರಣಕ್ಕೆ. ಆ ನಿರ್ಣಯವನ್ನು ನೀವು ಹೆಸರಿಸಿಯೇ ಇಲ್ಲ.

ಭಯೋತ್ಪಾದನೆಯ ಬದಿಯೂ ಬಡವಾಗಿದೆ. ಎರಡು ಸಾವುಗಳನ್ನು ಅಕ್ಕಪಕ್ಕ ಇಡಿ. 2009ರ ಆಗಸ್ಟ್‌ನಲ್ಲಿ ಡ್ರೋನ್‌ಗೆ ಬಲಿಯಾದ ಬೈತುಲ್ಲಾ ಮೆಹ್ಸೂದ್ ಪಾಕಿಸ್ತಾನದ ಮೇಲೆಯೇ ಯುದ್ಧ ಸಾರಿದ್ದ ಪಾಕಿಸ್ತಾನಿ ತಾಲಿಬಾನ್ ಸಂಘಟನೆ ತೆಹ್ರೀಕ್‌ನ ನಾಯಕ. ಆ ಸಾವು ಇಸ್ಲಾಮಾಬಾದಿಗೂ ಬೇಕಾಗಿತ್ತು. 2013ರ ನವೆಂಬರ್ 1ರಂದು ಅವನ ಉತ್ತರಾಧಿಕಾರಿ ಹಕೀಮುಲ್ಲಾ ಅದೇ ಬಗೆಯ ಆಯುಧಕ್ಕೆ ಬಲಿಯಾದಾಗ ಪಾಕಿಸ್ತಾನ ಸರ್ಕಾರ ಆ ಸಂಘಟನೆಯೊಂದಿಗೆ ಮಾತುಕತೆಗೆ ಸಿದ್ಧವಾಗುತ್ತಿತ್ತು. ಶಾಂತಿಯ ಪ್ರಯತ್ನವನ್ನೇ ಕೊಂದರೆಂದು ಗೃಹಸಚಿವರು ಕೆರಳಿದರು. ಇತ್ತ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಪಡೆಗಳ ಮೇಲೆ ದಾಳಿ ಮಾಡುತ್ತಿದ್ದ ಹಕ್ಕಾನಿ ಜಾಲವನ್ನು ಪಾಕಿಸ್ತಾನ ಮುಟ್ಟದೆ ಉಳಿಸಿಕೊಂಡಿದೆ ಎಂಬ ಸಿಟ್ಟು ಅಮೆರಿಕಕ್ಕೆ. ಯಾರನ್ನು ಮೊದಲು ಹೊಡೆಯಬೇಕು ಎಂಬುದರಲ್ಲೇ ಇಬ್ಬರಿಗೂ ಒಮ್ಮತವಿರಲಿಲ್ಲ. ಒತ್ತಡ ಹುಟ್ಟಿದ್ದು ಅಲ್ಲಿಂದ.

ಡ್ರೋನ್ ದಾಳಿಗಳಲ್ಲಿ ಸತ್ತವರ ಸಂಖ್ಯೆಗೆ ಒಂದೇ ಅಂಕಿ ಕೊಟ್ಟಿದ್ದೀರಿ, ತೆಗೆಯಿರಿ. ಎಣಿಸಿದವರು ಬೇರೆಯಾದಂತೆ ಲೆಕ್ಕವೂ ಬೇರೆ. ಎಣಿಸಿದವರ ಹೆಸರಿನೊಂದಿಗೆ ಕನಿಷ್ಠ–ಗರಿಷ್ಠ ಎರಡನ್ನೂ ಕೊಡಿ. ಅದಕ್ಕಿಂತ ಒಂದು ಘಟನೆಯನ್ನು ಹತ್ತಿರದಿಂದ ತೋರಿಸಿದರೆ ಒಳ್ಳೆಯದು: 2011ರ ಮಾರ್ಚ್ 17ರಂದು ಉತ್ತರ ವಜೀರಿಸ್ತಾನದ ದತ್ತಾಖೇಲ್‌ನಲ್ಲಿ ಕ್ರೋಮೈಟ್ ಗಣಿಯ ತಕರಾರು ಬಗೆಹರಿಸಲು ಹಿರಿಯರು ಸೇರಿದ್ದ ಪಂಚಾಯ್ತಿಯ ಮೇಲೆ ಅಮೆರಿಕದ ಡ್ರೋನ್ ಕ್ಷಿಪಣಿ ಬಿದ್ದು ಸುಮಾರು 40 ಮಂದಿ ಸತ್ತರು. ಲಾಹೋರಿನಲ್ಲಿ ಇಬ್ಬರನ್ನು ಕೊಂದಿದ್ದ ಸಿಐಎ ಗುತ್ತಿಗೆದಾರ ರೇಮಂಡ್ ಡೇವಿಸ್ ಬಿಡುಗಡೆಯಾಗಿದ್ದು ಅದರ ಹಿಂದಿನ ದಿನ. ದತ್ತಾಖೇಲ್ ದಾಳಿಯನ್ನು ಪಾಕಿಸ್ತಾನದ ಸೇನಾ ಮುಖ್ಯಸ್ಥ ಕಯಾನಿ ಬಹಿರಂಗವಾಗಿಯೇ ಖಂಡಿಸಿದರು. ಈ ಎರಡು ದಿನಗಳಿಗೆ ಒಂದು ಪುಟ ಕೊಟ್ಟರೂ ಹೆಚ್ಚಲ್ಲ.

ಕೊನೆಯ ಪ್ಯಾರಾದಲ್ಲಿ ‘ಭಾರತ ಎಂದೂ ಬಗ್ಗಲಿಲ್ಲ’ ಎಂದಿದ್ದೀರಿ. ಅದು ಬೇಡ. ಹೋಲಿಕೆ ಬೇಕೇ ಬೇಕೆಂದರೆ ಒಂದೇ ವಾಕ್ಯ ಸಾಕು: 2016ರ ಆಗಸ್ಟ್‌ನಲ್ಲಿ ಭಾರತ ಅಮೆರಿಕದೊಂದಿಗೆ ಸೇನಾ ಸರಂಜಾಮು ವಿನಿಮಯದ ಒಪ್ಪಂದಕ್ಕೆ ಸಹಿ ಹಾಕಿದಾಗ, ಇದರಲ್ಲಿ ನೆಲೆ ಕೊಡುವ ಮಾತಿಲ್ಲ ಎಂದು ಸರ್ಕಾರ ಬಹಿರಂಗವಾಗಿ ಹೇಳಿತು.

1,400 ಪದಗಳಿಗೆ ಇಳಿಸಿ, ಮೂರು ವಾರದೊಳಗೆ ಕಳಿಸಿ. ಸಲಾಲಾದಿಂದ ಶುರು ಮಾಡಿ. ಸರಕು ಸಾಗಣೆಯ ಷರತ್ತುಗಳನ್ನು ಕಾಗದಕ್ಕೆ ಇಳಿಸಿ ರಾವಲ್ಪಿಂಡಿಯಲ್ಲಿ ಸಹಿ ಹಾಕಿದ 2012ರ ಜುಲೈ 31ಕ್ಕೆ ನಿಲ್ಲಿಸಿ. ಲೇಖನದ ಜೊತೆ ಆ ಐದು ಕಲಂಗಳ ಹಾಳೆಯನ್ನೂ ಕಳಿಸಿ, ಖಾಲಿ ಉಳಿದ ಮನೆಗಳನ್ನು ಹಾಗೆಯೇ ಬಿಟ್ಟು.

— ಸಂಪಾದಕ